ಕೆಂಪು ದೀಪ, ಎಡ ತಿರುವು ಮತ್ತು ನಡೆಯುವವರ ಹಕ್ಕು

ಸಿಗ್ನಲ್‌ನಲ್ಲಿ ಕೆಂಪು ದೀಪ ಉರಿಯುವಾಗ ಅದರ ಎದುರಿನ ವಾಹನಗಳೆಲ್ಲ ಸ್ಟಾಪ್ ಲೈನಿನ ಹಿಂದೆ ನಿಲ್ಲಬೇಕು. ನೇರ ಹೋಗುವವರಿಗೂ ಬಲಕ್ಕೆ ಹೊರಳುವವರಿಗೂ ಇರುವ ಈ ನಿಯಮ ಎಡಕ್ಕೆ ತಿರುಗುವವರಿಗೂ ಅನ್ವಯಿಸುತ್ತದೆ. ‘ಫ್ರೀ ಲೆಫ್ಟ್’ ಎಂಬ ಫಲಕ ಅಥವಾ ಎಡಕ್ಕೆ ತೋರಿಸುವ ಹಸಿರು ಬಾಣ ಇದ್ದಲ್ಲಿ ಮಾತ್ರ ವಿನಾಯಿತಿ. ಎಡ ತಿರುವು ಯಾವಾಗಲೂ ಮುಕ್ತ ಎಂಬ ನಂಬಿಕೆ ಎಷ್ಟೇ ವ್ಯಾಪಕವಾಗಿದ್ದರೂ ತಪ್ಪು.

ಭಾರತದಲ್ಲಿ ವಾಹನಗಳು ರಸ್ತೆಯ ಎಡಬದಿಯಲ್ಲಿ ಸಾಗುವುದರಿಂದ ಎಡಕ್ಕೆ ತಿರುಗುವವರು ಎದುರಿನ ವಾಹನಗಳ ಸಾಲನ್ನು ದಾಟಬೇಕಿಲ್ಲ. ಹಾಗಾಗಿ ಈ ತಿರುವು ನಿರಪಾಯ ಎನಿಸುತ್ತದೆ. ಆದರೆ ವಾಹನಕ್ಕೆ ಕೆಂಪು ಬಿದ್ದ ಹೊತ್ತೇ ಅದರ ಮುಂದಿನ ಝೀಬ್ರಾ ಪಟ್ಟಿಯಲ್ಲಿ ಜನ ರಸ್ತೆ ದಾಟುವ ಹೊತ್ತು. ಆಗ ತಿರುಗುವ ಚಾಲಕನ ಕಣ್ಣು ಬಲದಿಂದ ಬರುವ ವಾಹನಗಳ ಮೇಲಿರುತ್ತದೆ. ಎಡದ ಅಂಚಿನಿಂದ ರಸ್ತೆಗೆ ಕಾಲಿಟ್ಟವರು ಅವನಿಗೆ ಕಾಣುವುದೇ ಇಲ್ಲ. ಸೆಕೆಂಡಿಗೆ ಒಂದು ಮೀಟರ್ ನಡೆಯುವ ಮುದುಕಿಗೆ 14 ಮೀಟರ್ ಅಗಲದ ರಸ್ತೆ ದಾಟಲು 14 ಸೆಕೆಂಡ್ ಬೇಕು. ಎಡ ತಿರುವಿನ ವಾಹನಗಳು ಬಿಡುವಿಲ್ಲದೆ ನುಗ್ಗುತ್ತಿದ್ದರೆ ಅವಳಿಗೆ ಆ ಹೊತ್ತು ಸಿಗುವುದಿಲ್ಲ.

ಸೈಕಲ್ ಸವಾರರ ಅಪಾಯ ಬೇರೆ ಬಗೆಯದು. ಅವರು ರಸ್ತೆಯ ಎಡ ಅಂಚಿನಲ್ಲಿ ನೇರ ಸಾಗುತ್ತಿರುವಾಗ ಪಕ್ಕದ ಲಾರಿ ಎಡಕ್ಕೆ ಹೊರಳಿದರೆ ಅದರಡಿಗೆ ಸಿಲುಕುತ್ತಾರೆ. ಉದ್ದನೆಯ ವಾಹನ ತಿರುಗುವಾಗ ಹಿಂದಿನ ಗಾಲಿಗಳು ಮುಂದಿನ ಗಾಲಿಗಳ ಜಾಡಿನಲ್ಲಿ ಬರುವುದಿಲ್ಲ, ತಿರುವಿನ ಒಳಬದಿಗೆ ಸರಿಯುತ್ತವೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ ಸೀಮೆಯಲ್ಲಿ ಸುಗ್ಗಿಯ ಕಾಲಕ್ಕೆ ಕಬ್ಬು ತುಂಬಿದ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳಿಗೂ ಈ ಮಾತು ಸಲ್ಲುತ್ತದೆ: ಎಂಜಿನ್ ದಾಟಿಹೋಯಿತೆಂದು ಮುಂದೆ ಬಂದವರಿಗೆ ಹಿಂದಿನ ಟ್ರೇಲರ್ ತಾಗಬಹುದು. ಕರ್ನಾಟಕ ಸರಕಾರ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಆರಂಭಿಸಿದ ಮೇಲೆ ಹಳ್ಳಿಗಳಿಂದ ಶಾಲೆಗೆ ಹೋಗುವ ಅನೇಕ ಮಕ್ಕಳು ಇಂಥ ರಸ್ತೆಗಳಲ್ಲೇ ಸೈಕಲ್ ತುಳಿದಿದ್ದಾರೆ.

ಇದೇ ಸೀಮೆಯ ಯಂಕಂಚಿಯಂಥ ಊರುಗಳ ಜನ ಸಂತೆಗೆ, ಶಾಲೆಗೆ, ಆಸ್ಪತ್ರೆಗೆ ಹೋಗುವಾಗ ದಾಟುವ ಬಹಳಷ್ಟು ಕೂಡುರಸ್ತೆಗಳಲ್ಲಿ ಸಿಗ್ನಲ್ ಇರುವುದಿಲ್ಲ. ಸಿಂದಗಿ, ವಿಜಯಪುರಗಳ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿ 50ರಂಥ ದೊಡ್ಡ ರಸ್ತೆಗೆ ಸೇರುವವರು ಅದರಲ್ಲಿ ಬರುವ ವಾಹನಗಳಿಗೆ ಮೊದಲು ದಾರಿ ಬಿಡಬೇಕು. ಸಮಾನ ರಸ್ತೆಗಳು ಕೂಡುವಲ್ಲಿ ಬಲಗಡೆಯಿಂದ ಬರುವವರಿಗೆ ಆದ್ಯತೆ. ಸಿಗ್ನಲ್ ಇಲ್ಲದ ಝೀಬ್ರಾ ಪಟ್ಟಿಯಲ್ಲಿ ಮೊದಲ ಹಕ್ಕು ಪಾದಚಾರಿಯದು. 1988ರ ಮೋಟಾರು ವಾಹನ ಕಾಯ್ದೆ ಸಂಚಾರ ಚಿಹ್ನೆಗಳನ್ನು ಪಾಲಿಸುವುದನ್ನು ಚಾಲಕರ ಕರ್ತವ್ಯವಾಗಿಸಿದೆ. 2019ರ ತಿದ್ದುಪಡಿ ಕೆಂಪು ದೀಪ ದಾಟುವುದನ್ನು ಅಪಾಯಕಾರಿ ಚಾಲನೆಯ ಸಾಲಿಗೆ ಸೇರಿಸಿದೆ.

ಬಲಬದಿಯಲ್ಲಿ ವಾಹನ ಓಡಿಸುವ ದೇಶಗಳಲ್ಲಿ ಇದೇ ಪ್ರಶ್ನೆ ಬಲ ತಿರುವಿನ ರೂಪದಲ್ಲಿ ಬರುತ್ತದೆ. 1973ರ ತೈಲ ಬಿಕ್ಕಟ್ಟಿನ ನಂತರ ಇಂಧನ ಉಳಿಸಲೆಂದು ಅಮೆರಿಕದ ರಾಜ್ಯಗಳು ಕೆಂಪು ದೀಪದಲ್ಲಿ ಬಲಕ್ಕೆ ತಿರುಗಲು ಬಿಟ್ಟವು. ಪಾದಚಾರಿಗಳಿಗೂ ಸೈಕಲ್ ಸವಾರರಿಗೂ ಡಿಕ್ಕಿ ಹೊಡೆಯುವ ಪ್ರಕರಣಗಳು ಇದರಿಂದ ಹೆಚ್ಚಿದವೆಂದು 1980ರ ದಶಕದ ಆರಂಭದ ಅಧ್ಯಯನಗಳು ಕಂಡುಕೊಂಡವು. ನ್ಯೂಯಾರ್ಕ್ ನಗರದಲ್ಲಿ ಫಲಕವಿಲ್ಲದೆ ಹಾಗೆ ತಿರುಗುವಂತಿಲ್ಲ. ಜರ್ಮನಿಯಲ್ಲಿ ಹಸಿರು ಬಾಣದ ಫಲಕವಿದ್ದಲ್ಲಿಯೂ ವಾಹನ ಮೊದಲು ಪೂರ್ತಿ ನಿಲ್ಲಬೇಕು.

ರಸ್ತೆಯ ವಿನ್ಯಾಸವೂ ಜೀವ ಉಳಿಸಬಲ್ಲದು. ತಿರುವಿನ ಮೂಲೆ ಬಿಗಿಯಾಗಿದ್ದರೆ ವೇಗ ತಾನಾಗಿ ತಗ್ಗುತ್ತದೆ. ವಿಶಾಲವಾಗಿ ಬಾಗಿದ್ದರೆ ವಾಹನ ಓಡುತ್ತಲೇ ಹೊರಳುತ್ತದೆ. ನಡೆಯುವವರಿಗೆ ಕೆಲವು ಸೆಕೆಂಡ್ ಮೊದಲೇ ಹಸಿರು ಕೊಟ್ಟರೆ ವಾಹನಗಳು ಹೊರಡುವಷ್ಟರಲ್ಲಿ ಅವರು ರಸ್ತೆಯ ನಡುವೆ ಎದ್ದು ಕಾಣುತ್ತಾರೆ.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32,825 ಮಂದಿ ಪಾದಚಾರಿಗಳು. ಹಾಗಾಗಿ ಕೆಂಪು ದೀಪದಲ್ಲಿ ‘ಫ್ರೀ ಲೆಫ್ಟ್’ ಫಲಕವೋ ಹಸಿರು ಬಾಣವೋ ಇಲ್ಲದಿದ್ದರೆ ಎಡಕ್ಕೆ ತಿರುಗುವವರೂ ನಿಲ್ಲಬೇಕು. ಫಲಕವಿದ್ದರೂ ವೇಗ ತಗ್ಗಿಸಿ, ಎಡಬದಿಯನ್ನು ನೋಡಿ, ದಾಟುವವರು ದಾಟಿದ ಮೇಲೆಯೇ ಹೊರಳಬೇಕು.