ಕೈಗವಸಿನ ಒಳಗಿನ ಕೈ

ಕೊಚ್ಚಿಯ ಇನ್ಫೋಪಾರ್ಕ್ ಸುತ್ತಮುತ್ತ ಇರುವ ನಾವು ನಾಲ್ಕಾರು ಕನ್ನಡದ ಮನೆಯವರು ಸೇರಿದರೆ, ಈಗ ಬಡ್ತಿಯ ಮಾತಿಗಿಂತ ಅಪ್ಪ-ಅಮ್ಮನ ಆರೈಕೆಯ ಮಾತೇ ಹೆಚ್ಚು. ಊರಲ್ಲಿ ನೋಡಿಕೊಳ್ಳುವವರಿಲ್ಲ, ಇಲ್ಲಿಗೆ ಕರೆತಂದರೆ ಹಗಲಿಡೀ ನಾವು ಮನೆಯಲ್ಲಿರುವುದಿಲ್ಲ. ಉಳಿಯುವುದು ಹೋಂ ನರ್ಸ್ ಅಥವಾ ಆರೈಕೆ ಕೇಂದ್ರ. 2011ರ ಜನಗಣತಿಯ ಹೊತ್ತಿಗೇ ಕೇರಳದ ಶೇ 12.6ರಷ್ಟು ಜನ 60 ದಾಟಿದ್ದರು. ಮಕ್ಕಳು ಗಲ್ಫ್‌ನಲ್ಲಿರುವ ಮನೆಗಳೂ ಬಹಳ. ಹಾಗಾಗಿ ಇಂಥ ಕೇಂದ್ರಗಳು ಇಲ್ಲಿ ಹೊಸತಲ್ಲ. ಆದರೆ ಸೇರಿಸುವಾಗ ನಾವು ಕೇಳುವುದು ಎಸಿ ಇದೆಯೇ, ಊಟ ಹೇಗೆ, ತಿಂಗಳಿಗೆ ಎಷ್ಟು ಎಂದು. ಸೋಂಕಿನ ವಿಷಯ ಯಾರ ಬಾಯಿಗೂ ಬರುವುದಿಲ್ಲ.

ಕಳೆದ ವರ್ಷ ಕಂಪನಿ ನನ್ನನ್ನು ಮೂರು ತಿಂಗಳು ತಿರುವನಂತಪುರದ ಟೆಕ್ನೋಪಾರ್ಕ್‌ಗೆ ಕಳಿಸಿತು. ಪಾರ್ಶ್ವವಾಯುವಾಗಿ ಹಾಸಿಗೆ ಹಿಡಿದಿದ್ದ ಅಪ್ಪನನ್ನು ಕೊಚ್ಚಿಯ ಒಂದು ಕೇಂದ್ರದಲ್ಲಿ ಬಿಟ್ಟೆವು. ಎರಡನೇ ತಿಂಗಳಿಗೆ ಅವರ ಬೆರಳ ಸಂದಿಯಲ್ಲಿ ತುರಿಕೆ ಶುರುವಾಯಿತು, ರಾತ್ರಿ ನಿದ್ದೆಯಿಲ್ಲ. ಕೇಂದ್ರದವರು ಬೆವರುಸಾಲೆ ಎಂದರು. ಚರ್ಮವೈದ್ಯರು ನೋಡಿ ಕಜ್ಜಿ ಎಂದರು. ಅಷ್ಟರಲ್ಲಿ ಅದೇ ಕೋಣೆಯ ಇನ್ನಿಬ್ಬರಿಗೂ ಸ್ನಾನ ಮಾಡಿಸುವ ಹುಡುಗನಿಗೂ ಹರಡಿತ್ತು.

ಮೊದಲ ಸಲ ಕಜ್ಜಿ ತಗುಲಿದವರಿಗೆ ತುರಿಕೆ ಕಾಣಿಸಲು ನಾಲ್ಕರಿಂದ ಆರು ವಾರ ಹಿಡಿಯಬಹುದು. ಆ ನಡುವೆಯೂ ಅದು ಮೈಯಿಂದ ಮೈಗೆ ದಾಟುತ್ತದೆ. ಹಾಗಾಗಿ ಒಬ್ಬರಿಗೆ ಮುಲಾಮು ಹಚ್ಚಿದರೆ ಸಾಲದು. ಸಂಪರ್ಕದಲ್ಲಿದ್ದ ಎಲ್ಲರಿಗೂ ಒಂದೇ ದಿನ ಹಚ್ಚಬೇಕು, ಬಟ್ಟೆ-ಹೊದಿಕೆ ಬಿಸಿನೀರಿನಲ್ಲಿ ಒಗೆಯಬೇಕು, ವೈದ್ಯರು ಹೇಳಿದ ದಿನ ಮತ್ತೊಮ್ಮೆ ಹಚ್ಚಬೇಕು. ಸ್ಯಾನಿಟೈಸರ್ ಇದಕ್ಕೆ ನಾಟುವುದಿಲ್ಲ.

ಅಲ್ಲಿನ ಎಲ್ಲರ ಕೈಯಲ್ಲೂ ಗ್ಲೌಸ್ ಇತ್ತು ಎನ್ನುವುದೇ ಗಮನಿಸಬೇಕಾದ ಮಾತು. ಒಬ್ಬರ ಡೈಪರ್ ಬದಲಿಸಿದ ಗ್ಲೌಸ್‌ನಲ್ಲೇ ಪಕ್ಕದವರ ಹಾಸಿಗೆ ಸರಿಪಡಿಸಿದರೆ ಅದು ಕಾಪಾಡುವುದು ತೊಟ್ಟವರನ್ನು ಮಾತ್ರ. ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗ ಮಾತ್ರವಲ್ಲ, ಅದೇ ವ್ಯಕ್ತಿಯ ಹೊಲಸು ಕೆಲಸ ಮುಗಿಸಿ ಬಾಯಿ ತೊಳೆಸಲು ಹೋಗುವಾಗಲೂ ಗ್ಲೌಸ್ ಬದಲಿಸಬೇಕು. ತೆಗೆದ ಮೇಲೆ ಕೈ ತೊಳೆಯಬೇಕು: ಸೋಪು-ನೀರಾದರೆ 40ರಿಂದ 60 ಸೆಕೆಂಡು, ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡು. ಭೇದಿ ಇದ್ದವರನ್ನು ಮುಟ್ಟಿದ್ದರೆ ಸೋಪೇ ಬೇಕು.

ಈ ಪಾಠಕ್ಕೆ ಕೇರಳ ದೊಡ್ಡ ಬೆಲೆ ತೆತ್ತಿದೆ. 2018ರ ಮೇ ತಿಂಗಳಲ್ಲಿ ಕೋಳಿಕ್ಕೋಡ್ ಜಿಲ್ಲೆಯ ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯ ನರ್ಸ್ ಲಿನಿ ನಿಪಾ ರೋಗಿಯ ಶುಶ್ರೂಷೆ ಮಾಡಿ, ಅದೇ ಸೋಂಕಿಗೆ ಬಲಿಯಾದರು. ಅಂದು ಸೋಂಕು ಹೆಚ್ಚಾಗಿ ಹರಡಿದ್ದು ಆಸ್ಪತ್ರೆಗಳ ಒಳಗೇ. 2019ರ ಜೂನ್‌ನಲ್ಲಿ ಕೊಚ್ಚಿಯಲ್ಲಿ ಒಬ್ಬ ವಿದ್ಯಾರ್ಥಿಗೆ ನಿಪಾ ಬಂತು. ಅವನು ಗುಣವಾದ, ಅವನಿಂದ ಬೇರೆ ಯಾರಿಗೂ ಹರಡಲಿಲ್ಲ. 2020ರಲ್ಲಿ ಕೋಟ್ಟಯಂ ವೈದ್ಯಕೀಯ ಕಾಲೇಜಿನಲ್ಲಿ 93 ಮತ್ತು 88 ವರ್ಷದ ದಂಪತಿ ಕೋವಿಡ್ ಗೆದ್ದು ಮನೆಗೆ ಹೋದರು. ಅವರನ್ನು ನೋಡಿಕೊಂಡ ನರ್ಸ್‌ಗೂ ಸೋಂಕು ತಗುಲಿ, ಗುಣವಾಯಿತು. ಮುಟ್ಟಿ ಮಾಡುವ ಸೇವೆಯಲ್ಲಿ ಇಬ್ಬರ ಜೀವವೂ ಒಂದೇ ತಕ್ಕಡಿಯಲ್ಲಿರುತ್ತದೆ.

ಹಾಗಾಗಿ ಅಪ್ಪ-ಅಮ್ಮನನ್ನು ಸೇರಿಸುವ ಮುನ್ನ ಇವನ್ನು ನೋಡಿ. ಹಾಸಿಗೆಗಳ ಹತ್ತಿರ ನೀರು, ಸೋಪು ಇದೆಯೇ? ಟವೆಲ್ ಒಬ್ಬೊಬ್ಬರಿಗೆ ಬೇರೆಯೇ? ಮೂತ್ರದ ಚೀಲ ಸೊಂಟಕ್ಕಿಂತ ಕೆಳಗೆ, ನೆಲಕ್ಕೆ ತಾಗದಂತೆ ತೂಗುತ್ತಿದೆಯೇ? ರಾತ್ರಿ ಒಬ್ಬ ಸಹಾಯಕರಿಗೆ ಎಷ್ಟು ಮಂದಿ? ಜ್ವರ ಬಂದರೆ ಅವರಿಗೆ ಸಂಬಳ ಸಹಿತ ರಜೆ ಉಂಟೇ? ಕೊನೆಯದನ್ನು ಮರೆಯಬೇಡಿ. ಒಂದು ದಿನದ ಕೂಲಿ ತಪ್ಪುತ್ತದೆಂದು ಕೆಮ್ಮುತ್ತಲೇ ಬರುವ ಹುಡುಗಿಯನ್ನು ಬೈದು ಪ್ರಯೋಜನವಿಲ್ಲ.

ಭೇಟಿಗೆ ಹೋಗುವ ನಾವೂ ಬಾಗಿಲಲ್ಲೇ ಕೈ ತೊಳೆಯೋಣ. ಆಮೇಲೆ ಮಲಯಾಳದಲ್ಲಿ ನಗುತ್ತಲೇ ಕೇಳಬಹುದು: ‘ಚೇಚೀ, ಕೈ ಕಳುಗಿಯೋ?’ ಅಕ್ಕಾ, ಕೈ ತೊಳೆದಿರಾ ಎಂದಷ್ಟೇ ಅರ್ಥ. ಮೊದಲು ನಮ್ಮ ಕೈ ಒದ್ದೆಯಾಗಿದ್ದರೆ ಯಾರೂ ಬೇಸರಪಡುವುದಿಲ್ಲ.