ಹಳೇ ಪಿಕಪ್‌ನ ಸ್ಪೀಡೋಮೀಟರ್ ಕಡಿಮೆ ತೋರಿಸಿದ್ರೆ ಏನಾಗುತ್ತೆ?

ಬೆಳಗಾವಿಯಲ್ಲಿರೋ ನಮ್ಮ ಕಾಕಾ ತಮ್ಮ ಹಳೇ ಪಿಕಪ್‌ನಲ್ಲಿ ವಾರಕ್ಕೊಮ್ಮೆ ಪುಣೆಯ ಮಾರ್ಕೆಟ್ ಯಾರ್ಡ್‌ಗೆ ತರಕಾರಿ ಕಳಿಸ್ತಾರೆ. ಒಂದು ದಿನ ಫೋನ್ ಮಾಡಿ, "ತಮ್ಮಾ, ಡ್ರೈವರ್ ಡೀಸೆಲ್ ಕದೀಲಿಕತ್ತಾನ. ಲೀಟರಿಗೆ 12 ಕೊಡ್ತಿದ್ದ ಗಾಡಿ ಈಗ ಹನ್ನೊಂದೂವರೆ ಅಷ್ಟ ಕೊಡ್ತದ" ಅಂದ್ರು. ಆತ ಒಂಬತ್ತು ವರ್ಷದಿಂದ ಅವರ ಹತ್ರಾನೇ ಇರೋ ಮನುಷ್ಯ.

"ಗಾಡಿಗೆ ಈಚೆಗ ಏನರ ಹೊಸಾದು ಹಾಕ್ಸೀರೇನು ಕಾಕಾ?"

"ಟೈರ್ ಹಾಕ್ಸೀನಿ. ಸ್ವಲ್ಪ ದೊಡ್ಡವು."

ಆಫೀಸ್‌ನಲ್ಲಿ ಗ್ರಾಫ್ ಕುಸಿದ್ರೆ ನಾವು ಮೊದಲು ಸೆನ್ಸರ್ ನೋಡ್ತೀವಿ. ಮನೇಲಿ ಮಾತ್ರ ಮೊದಲು ಮನುಷ್ಯನ ಮೇಲೇ ಅನುಮಾನ.

ಗಾಡಿ ರಸ್ತೆಯನ್ನು ಅಳೆಯೋದಿಲ್ಲ, ಸುತ್ತು ಎಣಿಸುತ್ತೆ, ಅಷ್ಟೇ. ಗೇರ್‌ಬಾಕ್ಸ್‌ನ ಹಿಂಭಾಗದಲ್ಲಿರೋ ಒಂದು ಸಣ್ಣ ಪ್ಲಾಸ್ಟಿಕ್ ಗೇರ್ ಸ್ಪೀಡೋಮೀಟರ್ ಕೇಬಲ್ ತಿರುಗಿಸುತ್ತೆ. ಮೀಟರ್ ಒಳಗೆ ಆ ಕೇಬಲ್ ಒಂದು ಅಯಸ್ಕಾಂತವನ್ನು ತಿರುಗಿಸುತ್ತೆ. ಅದರ ಸುತ್ತ ಅಲ್ಯೂಮಿನಿಯಂ ಬಟ್ಟಲು. ಎರಡೂ ಒಂದಕ್ಕೊಂದು ತಾಗೋದಿಲ್ಲ, ಆದ್ರೆ ಬಟ್ಟಲಲ್ಲಿ ಹುಟ್ಟೋ ಸುಳಿ ವಿದ್ಯುತ್ತು ಅದನ್ನು ಎಳೆಯುತ್ತೆ, ಒಂದು ಸ್ಪ್ರಿಂಗ್ ತಡೆಯುತ್ತೆ. ಆ ಜಗ್ಗಾಟ ಎಲ್ಲಿ ಸಮ ಆಗುತ್ತೋ ಅಲ್ಲಿ ಮುಳ್ಳು ನಿಲ್ಲುತ್ತೆ. ಓಡೋಮೀಟರ್ ಹಾಗಲ್ಲ, ಅದು ಅದೇ ಕೇಬಲ್‌ನಿಂದ ನೇರ ಹಲ್ಲುಚಕ್ರದಲ್ಲಿ ಓಡುತ್ತೆ.

ಈ ವ್ಯತ್ಯಾಸ ಬಹಳ ಮುಖ್ಯ. ಓಡೋಮೀಟರ್ ಸರಿ ಇದ್ದು ಮುಳ್ಳು ಮಾತ್ರ ತಪ್ಪಿದ್ರೆ ತೊಂದರೆ ಮೀಟರ್ ಒಳಗಿದೆ. ಮುಳ್ಳು ನಡುಗಿದ್ರೆ ಕೇಬಲ್ ಒಣಗಿದೆ ಅಥವಾ ಎಲ್ಲೋ ಮಡಚಿದೆ. ಎರಡೂ ಒಂದೇ ಪ್ರಮಾಣದಲ್ಲಿ ತಪ್ಪಿದ್ರೆ? ಟೈರ್ ಅಥವಾ ಗೇರ್.

ಕಾಕಾನ ಹಳೇ ಟೈರ್ 215/75 ಆರ್ 15, ವ್ಯಾಸ 703.5 ಮಿ.ಮೀ. ಹೊಸದು 235/75 ಆರ್ 15, ವ್ಯಾಸ 733.5. ಒಂದು ಸುತ್ತಿಗೆ ಗಾಡಿ ಶೇ. 4.3 ಹೆಚ್ಚು ದೂರ ಹೋಗುತ್ತೆ, ಮೀಟರ್‌ಗೆ ಅದು ಗೊತ್ತೇ ಆಗಲ್ಲ.

ಲೆಕ್ಕ ಬೇರೆ, ರಸ್ತೆ ಬೇರೆ. ಮುಂದಿನ ಸಲ ಗಾಡಿ ಖಾಲಿಯಾದ ಮೇಲೆ ನಾನೂ ಹತ್ತಿದೆ. ಖೇಡ್ ಶಿವಾಪುರ ದಾಟಿದ ಮೇಲೆ ಹೆದ್ದಾರಿಯ ಕಿಲೋಮೀಟರ್ ಕಲ್ಲು ಎಣಿಸಿದ್ವಿ: 25 ಕಿ.ಮೀ. ಆದಾಗ ಓಡೋಮೀಟರ್ ತೋರಿಸಿದ್ದು 24. ಮುಳ್ಳು 60ರಲ್ಲಿ ಸ್ಥಿರವಾಗಿದ್ದಾಗ ಫೋನ್‌ನ ಜಿಪಿಎಸ್ 62-63. (ಜಿಪಿಎಸ್ ನೋಡೋದಾದ್ರೆ ಸಪಾಟು, ನೇರ ರಸ್ತೆಯಲ್ಲಿ, ವೇಗ ಬದಲಿಸದೆ ನೋಡಿ. ಓಡಿಸೋರು ನೋಡಬೇಡಿ.) ಡ್ರೈವರ್ ಏನೂ ಮಾತಾಡಲಿಲ್ಲ. ಎಣಿಸುವಾಗ ಮಾತ್ರ ನನಗಿಂತ ಜೋರಾಗಿ ಎಣಿಸ್ತಿದ್ದ.

ಸರಿಪಡಿಸೋಕೆ ಮುಳ್ಳು ಕಿತ್ತು ಬೇರೆ ಕಡೆ ಕೂರಿಸೋ ಮೆಕ್ಯಾನಿಕ್‌ಗಳಿದ್ದಾರೆ, ಬೇಡ. ಅದರಿಂದ ಒಂದು ವೇಗದಲ್ಲಿ ಮಾತ್ರ ಸರಿಯಾಗುತ್ತೆ, ಓಡೋಮೀಟರ್ ಹಾಗೇ ಉಳಿಯುತ್ತೆ. ಬದಲಿಸಬೇಕಾದ್ದು ಕೇಬಲ್ ತುದಿಯ ಆ ಪ್ಲಾಸ್ಟಿಕ್ ಗೇರ್. ಹಲ್ಲು ಕಡಿಮೆ ಆದ್ರೆ ಕೇಬಲ್ ಜೋರಾಗಿ ತಿರುಗುತ್ತೆ. ಇದರಲ್ಲಿ 20 ಹಲ್ಲು ಇತ್ತು. ಹಳೇ ಬಿಡಿಭಾಗದ ಅಂಗಡಿಗಳಲ್ಲಿ ಹುಡುಕಿ, ಅದೇ ಜಾಗಕ್ಕೆ ಕೂರುವ 19 ಹಲ್ಲಿನದ್ದು ಹಾಕಿಸಿದ್ವಿ. ಈಗ ಮೀಟರ್ ಶೇ. 1ರಷ್ಟು ಹೆಚ್ಚು ತೋರಿಸುತ್ತೆ. ಅದೇ ಒಳ್ಳೇದು. ವಿಶ್ವಸಂಸ್ಥೆಯ ವಾಹನ ನಿಯಮ 39ರ ಪ್ರಕಾರವೂ ಸ್ಪೀಡೋಮೀಟರ್ ನಿಜ ವೇಗಕ್ಕಿಂತ ಸ್ವಲ್ಪ ಹೆಚ್ಚು ತೋರಿಸಬಹುದು, ಕಡಿಮೆ ತೋರಿಸೋ ಹಾಗಿಲ್ಲ. ಮುಂಚೆ ಮುಳ್ಳು 80 ಅಂದಾಗ ಗಾಡಿ 83 ದಾಟಿರ್ತಿತ್ತು, ಹೆದ್ದಾರಿ ಕ್ಯಾಮೆರಾ ನಮ್ಮ ಮುಳ್ಳು ನೋಡಲ್ಲ.

ಕಾಕಾಗೆ ಲೆಕ್ಕ ಬರೆದು ಕಳಿಸಿದೆ. ಹೋಗಿ ಬರೋಕೆ ಸುಮಾರು 680 ಕಿ.ಮೀ., ಮೀಟರ್‌ನಲ್ಲಿ 652. ಕಾಣೆಯಾದ 28 ಕಿ.ಮೀ.ಗೆ ಬೇಕಾದ ಡೀಸೆಲ್ಲು ಎರಡು ಲೀಟರ್ ಮೇಲೆ ಸ್ವಲ್ಪ, ಪ್ರತಿ ಟ್ರಿಪ್ಪಿಗೂ. ಟೈರ್ ಹಾಕಿಸಿದ ದಿನದಿಂದ ಓಡಿದ ಕಿಲೋಮೀಟರ್‌ಗೆ ಶೇ. 4.3 ಸೇರಿಸಿ ಗಾಡಿ ಪುಸ್ತಕದಲ್ಲಿ ಬರೆದಿಡಿ, ಇಲ್ಲಾಂದ್ರೆ ಆಯಿಲ್ ಬದಲಿಸೋದೂ ತಡ ಆಗುತ್ತೆ ಅಂತಾನೂ ಹೇಳಿದೆ.

ಕಾಕಾ ಎರಡು ದಿನ ಫೋನ್ ಎತ್ತಲಿಲ್ಲ. ಮೂರನೇ ದಿನ ಡ್ರೈವರ್ ಫೋನ್ ಮಾಡಿದ: ಎರಡು ತಿಂಗಳಿಂದ ಪಗಾರದಲ್ಲಿ ಹಿಡಿದಿದ್ದ ಡೀಸೆಲ್ ದುಡ್ಡು ವಾಪಸ್ ಬಂತಂತೆ.