ಹರ್ಪಿಸ್ ರೋಗದ ರಕ್ತಪರೀಕ್ಷೆ: ಫಲಿತಾಂಶದ ಅರ್ಥವಿಚಾರ

‘ಹರ್ಪಿಸ್’ ಎಂಬುದು ತೆವಳುವುದೆಂಬರ್ಥದ ಗ್ರೀಕ್ ಧಾತುವಿನಿಂದ ಹುಟ್ಟಿದ ಶಬ್ದ. ‘ಸರ್ಪ’, ‘ವಿಸರ್ಪ’ ಎಂಬ ಸಂಸ್ಕೃತ ಶಬ್ದಗಳ ‘ಸೃಪ್’ ಧಾತುವು ಇದಕ್ಕೆ ಸಜಾತೀಯವಾದುದು. ಆದರೆ ಕನ್ನಡದಲ್ಲಿ ‘ಸರ್ಪಸುತ್ತು’ ಎನಿಸಿಕೊಂಡ ರೋಗವು ಸೀತಾಳೆ ಸಿಡುಬಿನ ವೈರಾಣುವಿನಿಂದ ಉಂಟಾಗತಕ್ಕುದು. ಅದು ಇದೇ ಕುಲಕ್ಕೆ ಸೇರಿದ್ದರೂ ಬೇರೆಯದು. ಇಲ್ಲಿ ವಿಚಾರಿಸತಕ್ಕುದು ‘ಹರ್ಪಿಸ್ ಸಿಂಪ್ಲೆಕ್ಸ್’. ಇದರಲ್ಲಿ ಎರಡು ಬಗೆಗಳುಂಟು. ಮೊದಲನೆಯದು ಹೆಚ್ಚಾಗಿ ತುಟಿಬಾಯಿಗಳಲ್ಲಿಯೂ, ಎರಡನೆಯದು ಹೆಚ್ಚಾಗಿ ಜನನೇಂದ್ರಿಯಗಳಲ್ಲಿಯೂ ಹುಣ್ಣುಗಳನ್ನುಂಟುಮಾಡುವುದು. ಮೊದಲನೆಯದು ಜನನೇಂದ್ರಿಯಗಳಿಗೂ ತಗಲಬಹುದು.

ರೋಗಿಯ ಸಂಸರ್ಗವಾಯಿತೆಂಬ ಶಂಕೆಯುಂಟಾದವರು ಒಡನೆಯೇ ರಕ್ತಪರೀಕ್ಷೆಗೆ ಧಾವಿಸುವುದು ಸಹಜ. ಆದರೆ ಈ ಪರೀಕ್ಷೆಯು ವೈರಾಣುವನ್ನು ಹುಡುಕುವುದಿಲ್ಲ. ಅದಕ್ಕೆ ಇದಿರಾಗಿ ದೇಹವು ನಿರ್ಮಿಸಿಕೊಂಡ ಪ್ರತಿಕಾಯಗಳನ್ನು ಹುಡುಕುವುದು. ‘ಐಜಿಜಿ’ ಎಂಬ ಪ್ರತಿಕಾಯವು ಪರೀಕ್ಷೆಗೆ ಸಿಕ್ಕುವಷ್ಟು ಬೆಳೆಯಲು ಹಲವು ವಾರಗಳು ಬೇಕು; ಕೆಲವರಲ್ಲಿ 12ರಿಂದ 16 ವಾರಗಳೂ ಹಿಡಿಯಬಹುದು. ಆದುದರಿಂದ ಮೊದಲ ದಿನಗಳಲ್ಲಿ ಬಂದ ‘ಇಲ್ಲ’ ಎಂಬ ಉತ್ತರವು ಆ ಸಂಸರ್ಗದ ವಿಷಯವಾಗಿ ಏನನ್ನೂ ಹೇಳದು. ‘ಇದೆ’ ಎಂದು ಬಂದರೆ ಅದು ಹಳೆಯ ಸೋಂಕಿನ ಗುರುತಾಗಿರಬೇಕು, ಇಲ್ಲವೆ ಹುಸಿಯಾಗಿರಬೇಕು. ಮೊದಲು ‘ಇಲ್ಲ’ವೆಂದಿದ್ದು ಕೆಲವು ತಿಂಗಳ ಮೇಲೆ ‘ಇದೆ’ಯೆಂದು ಸ್ಥಿರಪಟ್ಟರೆ ಮಾತ್ರ ಸೋಂಕು ಹೊಸದೆನ್ನಬಹುದು.

ಫಲಿತಾಂಶದೊಡನೆ ಬರುವ ಸಂಖ್ಯೆಯೂ ಗಮನಾರ್ಹವಾದುದು. ಬಳಕೆಯಲ್ಲಿರುವ ಹಲವು ಪರೀಕ್ಷೆಗಳಲ್ಲಿ 0.9ಕ್ಕೆ ಕಡಿಮೆಯಾದುದು ‘ಇಲ್ಲ’, 1.1ಕ್ಕೆ ಮೀರಿದುದು ‘ಇದೆ’, ನಡುವಣದು ಸಂದಿಗ್ಧ. ಎರಡನೆಯ ಬಗೆಯ ಪರೀಕ್ಷೆಯಲ್ಲಿ 1.1ರಿಂದ 3ರವರೆಗಿನ ಫಲವು ಹುಸಿಯಾಗುವ ಸಂಭವ ಹೆಚ್ಚು. ಅಂತಹ ಫಲವನ್ನು ಬೇರೊಂದು ವಿಧಾನದಿಂದ ದೃಢಪಡಿಸಿಕೊಳ್ಳಬೇಕೆಂದು ಅಮೆರಿಕದ ರೋಗನಿಯಂತ್ರಣ ಕೇಂದ್ರವು 2021ರ ಸೂಚನೆಗಳಲ್ಲಿ ವಿಧಿಸಿದೆ; ‘ವೆಸ್ಟರ್ನ್ ಬ್ಲಾಟ್’ ಅಂತಹದೊಂದು. ‘ಐಜಿಎಂ’ ಪರೀಕ್ಷೆಯಾದರೋ ಎರಡು ಬಗೆಗಳನ್ನು ಬೇರ್ಪಡಿಸದು. ಹಳೆಯ ಸೋಂಕು ಮರುಕಳಿಸಿದಾಗಲೂ ಕಾಣಿಸಿಕೊಳ್ಳಬಹುದು. ಆದುದರಿಂದ ಅದು ಪ್ರಮಾಣವಾಗಲಾರದು.

ದೃಢಪಟ್ಟ ಫಲವೂ ಸೋಂಕು ಎಂದು, ಯಾರಿಂದ ಬಂದಿತೆಂಬುದನ್ನು ತಿಳಿಸದು. ತೇದಿಯಿಲ್ಲದ ಶಾಸನದಂತೆ ಘಟನೆಯನ್ನು ಮಾತ್ರ ಹೇಳುವುದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಅಂದಾಜಿನಂತೆ 50 ವರ್ಷದೊಳಗಿನವರಲ್ಲಿ ಸುಮಾರು ಶೇಕಡ 64 ಮಂದಿಗೆ ಮೊದಲನೆಯ ಬಗೆಯ ಸೋಂಕುಂಟು. ಅನೇಕರಿಗೆ ಅದು ಬಾಲ್ಯದಲ್ಲಿಯೇ ತಗಲಿರುವುದು. 15ರಿಂದ 49 ವರ್ಷದವರಲ್ಲಿ ಎರಡನೆಯದು ಸುಮಾರು ಶೇಕಡ 13. ಸೋಂಕುಳ್ಳವರಲ್ಲಿ ಬಹುಮಂದಿಗೆ ಅದರ ಅರಿವೇ ಇರುವುದಿಲ್ಲ. ಹೀಗಿರುವಲ್ಲಿ ಒಂದು ಕಾಗದದ ಆಧಾರದಿಂದ ಪತಿಯಾಗಲಿ ಪತ್ನಿಯಾಗಲಿ ಪರಸ್ಪರರ ಶೀಲವನ್ನು ಶಂಕಿಸುವುದು ನ್ಯಾಯವಲ್ಲ.

ಹುಣ್ಣು ಕಾಣಿಸಿಕೊಂಡರೆ ರಕ್ತಕ್ಕಿಂತ ಹುಣ್ಣಿನ ದ್ರವದ ಪರೀಕ್ಷೆಯೇ ಶ್ರೇಷ್ಠ. ಅದು ಒಣಗುವುದಕ್ಕೆ ಮೊದಲೇ ವೈದ್ಯರನ್ನು ಕಾಣತಕ್ಕುದು. ಹುಣ್ಣಿಲ್ಲದಿದ್ದರೆ ಕಾಲ ತುಂಬಿದ ಮೇಲೆ ಪರೀಕ್ಷಿಸಿಕೊಳ್ಳುವುದೇ ಯುಕ್ತ. ಗರ್ಭಿಣಿಯರು ಮಾತ್ರ ಶಂಕೆಯುಂಟಾದೊಡನೆ ವೈದ್ಯರಿಗೆ ತಿಳಿಸಬೇಕು. ಏಕೆಂದರೆ ಗರ್ಭದ ಕಡೆಯ ತಿಂಗಳುಗಳಲ್ಲಿ ತಗಲುವ ಹೊಸ ಸೋಂಕು ಶಿಶುವಿಗೆ ಅಪಾಯಕರವಾದುದು.